ಇಂಗ್ಲೆಂಡಿನಲ್ಲಿ ಗುಪ್ತಾಂಗ, ಮೂತ್ರದ ಸೋಂಕಿನ ಟೆಸ್ಟ್: ನಾಚಿಕೆಯಿಂದ ತಡ ಮಾಡಬೇಡಿ

ಉರಿಮೂತ್ರ ಶುರುವಾದರೂ ಸುಮ್ನೆ ನೀರು ಕುಡಿದುಕೊಂಡು ದಿನ ತಳ್ಳುವವರು ನಮ್ಮಲ್ಲಿ ಸುಮಾರು ಜನ ಇದ್ದಾರೆ. ಜಿಪಿ (ನಮ್ಮ ಹೆಸರು ನೋಂದಾಯಿಸಿರುವ ಫ್ಯಾಮಿಲಿ ಡಾಕ್ಟರ್) ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ಸಿಕ್ಕಿದರೂ ರಿಸೆಪ್ಷನ್‌ನಲ್ಲಿ ಏನಂತ ಹೇಳೋದು ಅನ್ನೋ ಸಂಕೋಚ. ಆದರೆ ಇಲ್ಲಿ ಎಲ್ಲದಕ್ಕೂ ಜಿಪಿ ಹತ್ತಿರವೇ ಹೋಗಬೇಕು ಅಂತಿಲ್ಲ.

ಬರೀ ಮೂತ್ರದ ಸೋಂಕು ಅನ್ನಿಸಿದರೆ ಮೊದಲು ಫಾರ್ಮಸಿಗೆ ಹೋಗಿ. 2024ರ ಜನವರಿ 31ರಿಂದ ‘ಫಾರ್ಮಸಿ ಫಸ್ಟ್’ ಅನ್ನೋ ವ್ಯವಸ್ಥೆ ಇದೆ. 16ರಿಂದ 64 ವರ್ಷದ ಹೆಂಗಸರಿಗೆ ಫಾರ್ಮಸಿಸ್ಟೇ ಆಂಟಿಬಯೋಟಿಕ್ ಕೊಡಬಹುದು. ಮೂತ್ರ ಮಾಡುವಾಗ ಉರಿಯುತ್ತಾ, ಕದಡಿದ ಹಾಗೆ ಕಾಣುತ್ತಾ, ರಾತ್ರಿ ಎದ್ದು ಹೋಗುವುದು ಹೊಸದಾಗಿ ಶುರುವಾಗಿದೆಯಾ ಅಂತ ಕೇಳುತ್ತಾರೆ. ಹಾಗಾಗಿ ಪಟ್ಟಿ ಅದ್ದಿ ಬಣ್ಣ ನೋಡುವ ಟೆಸ್ಟ್‌ಗೆ ದುಡ್ಡು ಹಾಕಲೇಬೇಕಂತಿಲ್ಲ. ಆದರೆ ಗರ್ಭಿಣಿಯರು, ಗಂಡಸರು ಜಿಪಿಯನ್ನೇ ಕಾಣಬೇಕು. ಚಳಿಜ್ವರ, ಪಕ್ಕೆಯ ಹಿಂದೆ ನೋವು ಬಂದರೆ ಕಾಯಲೇಬೇಡಿ, ಸೋಂಕು ಕಿಡ್ನಿಗೆ ಏರಿರಬಹುದು. ಜಿಪಿ ಸಿಗದಿದ್ದರೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಸಹಾಯವಾಣಿ 111ಕ್ಕೆ ಫೋನ್ ಮಾಡಿ.

ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮಿಡಿಯಾ, ಗೊನೊರಿಯಾ ಸೋಂಕುಗಳ ವಿಷಯವೇ ಬೇರೆ. ಕ್ಲಮಿಡಿಯಾ ತಗುಲಿದ ಹೆಚ್ಚಿನ ಹೆಂಗಸರಿಗೆ ಏನೂ ಗೊತ್ತಾಗುವುದಿಲ್ಲ. ಹಾಗೇ ಬಿಟ್ಟರೆ ಗರ್ಭನಾಳಕ್ಕೆ ಹಬ್ಬಿ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಮನೆಗೇ ತರಿಸಿಕೊಂಡು ನಾವೇ ಸ್ಯಾಂಪಲ್ ತೆಗೆದು ಕಳಿಸುವ ಟೆಸ್ಟ್ ಕಿಟ್ ಇರುವುದೇ ಹೀಗೆ ಲಕ್ಷಣ ಇಲ್ಲದವರಿಗೆ. ನಿಮ್ಮ ಪ್ರದೇಶದ ಸೆಕ್ಶುಯಲ್ ಹೆಲ್ತ್ ಸೇವೆಯ ವೆಬ್‌ಸೈಟ್‌ನಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಿ. ಹಲವು ಕಡೆ ಉಚಿತವಾಗಿ ಕಳಿಸುತ್ತಾರೆ. ಲಂಡನ್‌ನಲ್ಲಿ ಇದಕ್ಕೆ ‘ಸೆಕ್ಶುಯಲ್ ಹೆಲ್ತ್ ಲಂಡನ್’ ಅನ್ನೋ ಆನ್‌ಲೈನ್ ಸೇವೆ ಇದೆ. ಸ್ರಾವ, ನೋವು, ಹುಣ್ಣು ಇದ್ದರೆ ಕಿಟ್ ಬೇಡ, ನೇರ ಸೆಕ್ಶುಯಲ್ ಹೆಲ್ತ್ ಕ್ಲಿನಿಕ್‌ಗೆ ಹೋಗಿ.

ಕಿಟ್ ಬಂದ ಮೇಲೆ ಹೆಂಗಸರು ಅದರಲ್ಲಿರುವ ಸ್ವ್ಯಾಬ್ (ತುದಿಗೆ ಹತ್ತಿಯಂಥದ್ದು ಇರುವ) ಕಡ್ಡಿಯನ್ನು ಯೋನಿಯೊಳಗೆ ಸ್ವಲ್ಪ ದೂರ ಹಾಕಿ, ಮೆಲ್ಲಗೆ ತಿರುಗಿಸಿ, ಟ್ಯೂಬಿಗಿಳಿಸಬೇಕು. ಟ್ಯೂಬಿನಲ್ಲಿರುವ ದ್ರವ ಚೆಲ್ಲಬಾರದು. ಗಂಡಸರು ಕಳಿಸಬೇಕಾದ್ದು ಮೂತ್ರ. ಇಲ್ಲೇ ಜಾಸ್ತಿ ಜನ ಎಡವುವುದು. ಮೂತ್ರದ ಸೋಂಕಿನ ಟೆಸ್ಟ್‌ಗೆ ಮೊದಲು ಸ್ವಲ್ಪ ಬಿಟ್ಟು ನಡುವಿನದ್ದು ಹಿಡಿಯುತ್ತೇವೆ ಅಲ್ವಾ? ಇದಕ್ಕೆ ಮೊದಲು ಬರುವುದೇ ಬೇಕು, ಏಕೆಂದರೆ ಕ್ರಿಮಿ ಇರುವುದು ಮೂತ್ರನಾಳದಲ್ಲಿ. ಅದಕ್ಕೂ ಮುಂಚೆ ಕನಿಷ್ಠ ಒಂದು ಗಂಟೆ ಮೂತ್ರ ಮಾಡಿರಬಾರದು. ಇನ್ನೊಂದು, ಲೈಂಗಿಕ ಸಂಪರ್ಕವಾಗಿ ಎರಡು ವಾರದೊಳಗೆ ಮಾಡಿದ ಟೆಸ್ಟ್‌ನಲ್ಲಿ ನೆಗೆಟಿವ್ ಬಂದರೆ ನಂಬಿ ಕೂರಬೇಡಿ, ಎರಡು ವಾರ ಕಳೆದ ಮೇಲೆ ಮತ್ತೆ ಮಾಡಿ.

ಪಾಸಿಟಿವ್ ಬಂದರೆ ಹೆದರಬೇಡಿ. ಕ್ಲಮಿಡಿಯಾಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆ, ಏಳು ದಿನ. ಗೊನೊರಿಯಾಗೆ ಇಂಜೆಕ್ಷನ್. ಕ್ಲಿನಿಕ್‌ನ ಟೆಸ್ಟ್, ಚಿಕಿತ್ಸೆ ಎರಡೂ ಉಚಿತ, ನಿಮ್ಮ ವೀಸಾ ಯಾವುದೇ ಇರಲಿ. ನಿಮ್ಮ ಒಪ್ಪಿಗೆ ಇಲ್ಲದೆ ಜಿಪಿಗೂ ತಿಳಿಸುವುದಿಲ್ಲ. ಸಂಗಾತಿಗೂ ಟೆಸ್ಟ್ ಆಗಲೇಬೇಕು, ಇಲ್ಲದಿದ್ದರೆ ಸೋಂಕು ತಿರುಗಿ ನಿಮಗೇ ಬರಬಹುದು. ಹೇಳಲು ಬಾಯಿ ಬರದಿದ್ದರೆ ಕ್ಲಿನಿಕ್‌ನವರಿಗೆ ಹೇಳಿ. ನಿಮ್ಮ ಹೆಸರು ಎತ್ತದೆ ಅವರೇ ತಿಳಿಸುತ್ತಾರೆ.