ಅಕಡೆಮಿಕ್ ಮೇಲಿಂಗ್ ಲಿಸ್ಟಿನಲ್ಲಿ ಬೈಸಿಕೊಳ್ಳದೆ ಜಾಹೀರಾತು ಹಾಕುವುದು ಹೇಗೆ

ಮೇಲಿಂಗ್ ಲಿಸ್ಟ್ ಎಂದರೆ ಒಂದು ವಿಳಾಸಕ್ಕೆ ಕಳಿಸಿದ ಮೇಲ್ ಎಲ್ಲ ಸದಸ್ಯರಿಗೂ ತಲುಪುವ ಗುಂಪು. ಮೊದಲು ಒಂದು ಮಾತು ಒಪ್ಪಿಕೊಂಡುಬಿಡಿ. ನಿಮ್ಮ ಸಮ್ಮೇಳನ, ನಿಮ್ಮ ಹೊಸ ಪುಸ್ತಕ, ನಿಮ್ಮ ಲ್ಯಾಬಿನಲ್ಲಿ ಖಾಲಿ ಇರುವ ಕೆಲಸ, ಇದ್ಯಾವುದೂ ಲಿಸ್ಟಿನ ಹೆಚ್ಚಿನ ಸದಸ್ಯರಿಗೆ ಬೇಕಿಲ್ಲ. ಅವರು ಸೇರಿದ್ದು ತಮ್ಮ ವಿಷಯದ ಚರ್ಚೆ ಓದಲಿಕ್ಕೆ. ನಿಮ್ಮ ಮೇಲ್ ನಿಜವಾಗಿ ಬೇಕಾದವರು ಕೆಲವೇ ಜನ ಇರುತ್ತಾರೆ. ಹಾಗಾಗಿ ಬೇಡದವರು ಎರಡು ಸೆಕೆಂಡಿನಲ್ಲಿ ಅಳಿಸಿ ಮುಂದೆ ಹೋಗುವ ಹಾಗಿರಬೇಕು, ಬೇಕಾದವರಿಗೆ ಒಂದು ಲಿಂಕನ್ನೂ ಒತ್ತದೆ ತೀರ್ಮಾನ ಮಾಡುವಷ್ಟು ವಿವರ ಸಿಗಬೇಕು. ಕೆಳಗೆ ಹೇಳುವುದೆಲ್ಲ ಬಹುಪಾಲು ಇದರ ಸುತ್ತಲೇ.

ಜಾಹೀರಾತಿನ ಮೇಲಿನ ಸಿಟ್ಟು ಇಮೇಲ್‌ನಷ್ಟೇ ಹಳೆಯದು ಎನ್ನಬಹುದು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರ್ಕೆಟಿಂಗ್ ವ್ಯಕ್ತಿಯೊಬ್ಬರು ಇಂಟರ್ನೆಟ್ಟಿಗೂ ಹಿಂದಿನ ನೆಟ್‌ವರ್ಕ್ ಆದ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನರಿಗೆ, ನಮ್ಮ ಹೊಸ ಕಂಪ್ಯೂಟರುಗಳನ್ನು ನೋಡಲು ಬನ್ನಿ ಎಂದು ಒಂದೇ ಏಟಿಗೆ ಮೇಲ್ ಕಳಿಸಿದರು. ಅದನ್ನೇ ಈಗ ಮೊದಲ ಸ್ಪ್ಯಾಮ್ ಎನ್ನುತ್ತಾರೆ. ಅದನ್ನು ಪಡೆದವರೆಲ್ಲ ಕಂಪ್ಯೂಟರ್ ಬಳಸುವವರೇ, ಅಂದರೆ ವಿಷಯ ಅವರಿಗೆ ಪೂರ್ತಿ ಹೊರಗಿನದೇನಲ್ಲ. ಆದರೂ ಗಲಾಟೆ ಆಯಿತು, ಏಕೆಂದರೆ ಆ ನೆಟ್‌ವರ್ಕ್ ಇದ್ದದ್ದೇ ಸರ್ಕಾರಿ ಮತ್ತು ಸಂಶೋಧನೆಯ ಕೆಲಸಕ್ಕೆ, ವ್ಯಾಪಾರಕ್ಕಲ್ಲ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಚರ್ಚಾ ಜಾಲದ ಸಾವಿರಾರು ಗುಂಪುಗಳಿಗೆ, ಯಾವ ಗುಂಪಿನಲ್ಲಿ ಏನು ಚರ್ಚೆ ನಡೆಯುತ್ತದೆ ಎಂದೂ ನೋಡದೆ ತುಂಬಿದರು. ಒಂದರಲ್ಲಿ ತಪ್ಪಿದ್ದು ಜಾಗದ ನಿಯಮ, ಇನ್ನೊಂದರಲ್ಲಿ ಮುಖ್ಯವಾಗಿ ವಿಷಯದ ಸಂಬಂಧ. ಇಂದಿಗೂ ಜನ ಬೈಸಿಕೊಳ್ಳುವುದು ಇವೆರಡರಲ್ಲಿ ಒಂದಕ್ಕೇ.

ನಿಯಮದಿಂದ ಶುರು ಮಾಡೋಣ. ಲಿಸ್ಟಿಗೆ ಸೇರಿದ ದಿನ ಒಂದು ಸ್ವಾಗತದ ಮೇಲ್ ಬಂದಿರುತ್ತದೆ, ಯಾರೂ ಓದದ ಆ ಮೇಲ್. ಅದರಲ್ಲೇ ಜಾಹೀರಾತಿನ ನಿಯಮ ಇರುವುದು ಜಾಸ್ತಿ. ಅಲ್ಲಿ ಇಲ್ಲದಿದ್ದರೆ ಆರ್ಕೈವ್, ಅಂದರೆ ಲಿಸ್ಟಿನ ಹಳೆಯ ಮೇಲ್‌ಗಳ ಸಂಗ್ರಹ, ತೆರೆಯಿರಿ, ಹಿಂದೆ ಇಂಥ ಮೇಲ್‌ಗಳು ಬಂದಿವೆಯಾ, ಬಂದಾಗ ಯಾರಾದರೂ ಮುಖ ಸಿಂಡರಿಸಿದರಾ ನೋಡಿ. ಪ್ರತಿ ಲಿಸ್ಟಿನ ಸ್ವಭಾವ ಬೇರೆ. ಭಾಷಾವಿಜ್ಞಾನಿಗಳ ಲಿಂಗ್ವಿಸ್ಟ್ ಲಿಸ್ಟ್ 1990ರಿಂದ ಇದೆ, ಅಲ್ಲಿ ಕೆಲಸ, ಸಮ್ಮೇಳನ, ಪುಸ್ತಕಗಳಿಗೆ ಬೇರೆ ಬೇರೆ ವಿಭಾಗಗಳೇ ಇವೆ. ಇತಿಹಾಸಕಾರರು ಜಾಸ್ತಿ ಇರುವ ಎಚ್-ನೆಟ್‌ನಲ್ಲಿ ಸಂಪಾದಕರು ನೋಡಿ ಬಿಟ್ಟ ಮೇಲೆಯೇ ಮೇಲ್ ಹೊರಗೆ ಹೋಗುವುದು. ಇನ್ನು ಕೆಲವು ಸಣ್ಣ ಲಿಸ್ಟುಗಳಲ್ಲಿ ಚರ್ಚೆ ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ, ಅದು ಅವರ ಹಕ್ಕು. 1995ರ ನೆಟ್ ಶಿಷ್ಟಾಚಾರದ ದಾಖಲೆ ಆರ್‌ಎಫ್‌ಸಿ 1855, ಏನನ್ನೂ ಬರೆಯುವ ಮೊದಲು ಒಂದೆರಡು ತಿಂಗಳು ಸುಮ್ನೆ ಓದುತ್ತಾ ಇರಿ ಎನ್ನುತ್ತದೆ. ಈಗ ಅಷ್ಟು ತಾಳ್ಮೆ ಯಾರಿಗಿದೆ ಅಲ್ವಾ, ಆದರೆ ಆರ್ಕೈವಿನಲ್ಲಿ ಅರ್ಧ ಗಂಟೆ ಕಳೆದರೂ ಬಹಳಷ್ಟು ಗೊತ್ತಾಗುತ್ತದೆ.

ಅನುಮಾನ ಉಳಿದರೆ ಲಿಸ್ಟ್ ನೋಡಿಕೊಳ್ಳುವವರನ್ನೇ ಕೇಳಿ. ಲಿಸ್ಟ್‌ಸರ್ವ್ ತಂತ್ರಾಂಶದಲ್ಲಿ ನಡೆಯುವ ಲಿಸ್ಟಾದರೆ, ಲಿಸ್ಟಿನ ಹೆಸರಿನ ಕೊನೆಗೆ ‘-ರಿಕ್ವೆಸ್ಟ್’ ಸೇರಿಸಿದ ವಿಳಾಸಕ್ಕೆ ಬರೆದರೆ ಅವರಿಗೆ ತಲುಪುತ್ತದೆ. ಮೇಲ್‌ಮ್ಯಾನ್ ಎಂಬ ಇನ್ನೊಂದು ತಂತ್ರಾಂಶವಾದರೆ ‘-ಓನರ್’ ಸೇರಿಸಬೇಕು. ಅಲ್ಲಿ ‘-ರಿಕ್ವೆಸ್ಟ್’ ವಿಳಾಸಕ್ಕೆ ಬರೆದರೆ ಉತ್ತರಿಸುವುದು ಯಂತ್ರ, ಮನುಷ್ಯರಲ್ಲ. ಕೇಳುವಾಗ ‘ಜಾಹೀರಾತು ಹಾಕಬಹುದಾ’ ಎಂದಷ್ಟೇ ಬರೆಯಬೇಡಿ, ಹಾಕಬೇಕೆಂದಿರುವ ಪಠ್ಯವನ್ನೇ ಅಂಟಿಸಿ ಕಳಿಸಿ. ಲಿಸ್ಟ್ ನೋಡಿಕೊಳ್ಳುವ ಈ ಮಾಡರೇಟರುಗಳು ಹೆಚ್ಚಾಗಿ ಸಂಬಳವಿಲ್ಲದೆ ಈ ಕೆಲಸ ಮಾಡುವವರು. ಅವರು ನಿಮಗೆ ಎರಡು ಸಲ ಬರೆಯುವ ಹಾಗೆ ಮಾಡಬೇಡಿ.

ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ? ಸಾಮಾನ್ಯವಾಗಿ ಪ್ರಬಂಧ ಕರೆ (ಸಮ್ಮೇಳನಕ್ಕೆ ಪ್ರಬಂಧ ಕಳಿಸಿ ಎಂಬ ಆಹ್ವಾನ), ಕೆಲಸ, ಪಿಎಚ್‌ಡಿ ಸೀಟು, ಫೆಲೋಶಿಪ್, ಸದಸ್ಯರೇ ಬರೆದ ಹೊಸ ಪುಸ್ತಕ, ಇವಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಹಣ ಕೊಟ್ಟು ಪ್ರೂಫ್ ನೋಡಿಸಿಕೊಳ್ಳುವ ಸೇವೆ, ‘ಹತ್ತು ದಿನದಲ್ಲಿ ಪ್ರಕಟಿಸುತ್ತೇವೆ’ ಎನ್ನುವ ಜರ್ನಲ್, ವಿಷಯಕ್ಕೆ ಸಂಬಂಧವಿಲ್ಲದ ಕೋಚಿಂಗ್, ಇವು ಹಾಕಿದ ಕ್ಷಣ ಹೊರಗೆ. ನಡುವೆ ಇರುವುದು ಕಷ್ಟದ ಜಾಗ: ನೀವೇ ಮಾಡಿದ ಸಾಫ್ಟ್‌ವೇರ್, ಶುಲ್ಕವಿರುವ ಕಾರ್ಯಾಗಾರ, ಸರ್ವೇಗೆ ಜನ ಬೇಕು ಎಂಬ ಮನವಿ. ಇಲ್ಲಿ ನನ್ನ ಅಳತೆ ಸರಳ. ದುಡ್ಡು ಇದೆಯಾ ಇಲ್ಲವಾ ಎನ್ನುವುದಕ್ಕಿಂತ, ದುಡ್ಡು ಇರುವುದನ್ನು ಮೊದಲೇ ಹೇಳಿದ್ದೀರಾ ಎನ್ನುವುದು ಮುಖ್ಯ. ಶುಲ್ಕ ಎಷ್ಟು, ಆ ಕಂಪನಿಯಲ್ಲಿ ನಿಮ್ಮ ಪಾಲು ಇದೆಯಾ, ಬರೆದುಬಿಡಿ. ‘ಈಚೆಗೆ ಒಂದು ಒಳ್ಳೆಯ ಸಾಫ್ಟ್‌ವೇರ್ ಕಣ್ಣಿಗೆ ಬಿತ್ತು’ ಎಂದು ಮೂರನೆಯವರ ಹಾಗೆ ಬರೆದು, ಆಮೇಲೆ ಅದು ನಿಮ್ಮದೇ ಎಂದು ಗೊತ್ತಾದರೆ ಆ ಲಿಸ್ಟಿನಲ್ಲಿ ನಿಮ್ಮ ಹೆಸರು ಮುಗಿಯಿತು ಎಂದೇ ತಿಳಿಯಿರಿ.

ಪುಸ್ತಕದ ವಿಚಾರದಲ್ಲಿ ಇನ್ನೊಂದು ಮಾತು. ಪ್ರಕಾಶಕರ ಮಾರಾಟ ವಿಭಾಗದಿಂದ ಬಂದ ಹೊಳೆಯುವ ಪ್ರಕಟಣೆಗಿಂತ, ಲಿಸ್ಟಿನಲ್ಲೇ ಇರುವ ಲೇಖಕರು ‘ಈ ಪುಸ್ತಕದಲ್ಲಿ ಇಂಥ ಪ್ರಶ್ನೆ ಎತ್ತಿಕೊಂಡಿದ್ದೇನೆ’ ಎಂದು ಬರೆದ ನಾಲ್ಕು ಸಾಲನ್ನು ಜನ ಓದುತ್ತಾರೆ. ಅಧ್ಯಾಯಗಳ ಪಟ್ಟಿ, ಬೆಲೆ, ಉಚಿತವಾಗಿ ಓದಲು ಸಿಗುತ್ತದಾ ಎಂಬುದು, ಇಷ್ಟು ಹಾಕಿ. ಬೆನ್ನುಡಿಯ ಹೊಗಳಿಕೆ ಬೇಡ.

ಈಗ ಸಬ್ಜೆಕ್ಟ್ ಲೈನ್. ಅರ್ಧ ಕೆಲಸ ಇಲ್ಲೇ ಆಗುವುದು. ಎಷ್ಟೋ ಜನ ಲಿಸ್ಟನ್ನು ಡೈಜೆಸ್ಟ್ ರೂಪದಲ್ಲಿ, ಅಂದರೆ ದಿನದ ಮೇಲ್‌ಗಳೆಲ್ಲ ಒಂದೇ ಮೇಲ್ ಆಗಿ ಬರುವ ಹಾಗೆ ಇಟ್ಟುಕೊಂಡಿರುತ್ತಾರೆ. ಅವರು ಮೇಲಿನ ಪಟ್ಟಿಯಲ್ಲಿ ಸಬ್ಜೆಕ್ಟುಗಳ ಮೇಲಷ್ಟೇ ಕಣ್ಣು ಹಾಯಿಸುತ್ತಾರೆ. ಆದ್ದರಿಂದ ಮೊದಲ ಪದವೇ ಇದು ಯಾವ ಬಗೆಯ ಮೇಲ್ ಎಂದು ಹೇಳಬೇಕು. ಆಮೇಲೆ ವಿಷಯ, ಆಮೇಲೆ ಗಡುವು.

‘ಅದ್ಭುತ ಅವಕಾಶ! ದಯವಿಟ್ಟು ಎಲ್ಲರಿಗೂ ಹಂಚಿ’

‘ಕೆಲಸ: ಎರಡು ವರ್ಷದ ಪೋಸ್ಟ್‌ಡಾಕ್, ನದಿ ಪರಿಸರ, ಅರ್ಜಿಗೆ ಕೊನೆ ದಿನ ಮಾರ್ಚ್ 15’

ಮೊದಲನೆಯದನ್ನು ತೆರೆಯದೆ ಏನೂ ಗೊತ್ತಾಗುವುದಿಲ್ಲ, ಹಾಗಾಗಿ ತೆರೆದವರೆಲ್ಲ ಸಿಟ್ಟಾಗುತ್ತಾರೆ. ಎರಡನೆಯದನ್ನು ತೆರೆಯುವುದು ನದಿ ಪರಿಸರದವರು ಮಾತ್ರ, ಉಳಿದವರಿಗೆ ಅಲ್ಲೇ ಬಿಡುಗಡೆ. ಲಿಸ್ಟಿನಲ್ಲಿ ಆಗಲೇ ಒಂದು ಗುರುತು ಬಳಕೆಯಲ್ಲಿದ್ದರೆ, ಉದಾಹರಣೆಗೆ ಪ್ರಬಂಧ ಕರೆಗೆ ‘ಸಿಎಫ್‌ಪಿ’ (ಕಾಲ್ ಫಾರ್ ಪೇಪರ್ಸ್), ಅದನ್ನೇ ಬಳಸಿ. ಸದಸ್ಯರು ಅದರ ಮೇಲೆ ಫಿಲ್ಟರ್ ಹಾಕಿಕೊಂಡಿರುತ್ತಾರೆ. ಬೇರೆ ಪದ ಬಳಸಿ ಫಿಲ್ಟರ್ ತಪ್ಪಿಸಿಕೊಂಡು ನುಗ್ಗುವುದು ಜಾಣತನ ಅಲ್ಲ. ‘ತುರ್ತು’ ಎಂಬ ಪದ, ಸಾಲು ಸಾಲು ಉದ್ಗಾರ ಚಿಹ್ನೆ, ಯಾವ ಮೇಲಿಗೂ ಉತ್ತರವಲ್ಲದಿದ್ದರೂ ಮುಂದೆ ‘ರಿ:’ ಹಾಕಿ ಹಳೆಯ ಚರ್ಚೆಯ ಮುಂದುವರಿಕೆಯಂತೆ ತೋರಿಸುವುದು, ಇವು ಬೇಡವೇ ಬೇಡ.

ಗಡುವಿನ ಜೊತೆ ಸಮಯವಲಯ ಬರೆಯಿರಿ. ಲಿಸ್ಟಿನ ಓದುಗರು ಹತ್ತಾರು ದೇಶಗಳಲ್ಲಿರುತ್ತಾರೆ. ‘ಮಧ್ಯರಾತ್ರಿ’ ಎಂದರೆ ಯಾರ ಮಧ್ಯರಾತ್ರಿ? ಕಂಪ್ಯೂಟರ್ ವಿಜ್ಞಾನದವರು ಇದಕ್ಕೆ ‘ಎನಿವೇರ್ ಆನ್ ಅರ್ತ್’ ಎಂಬ ಲೆಕ್ಕ ಬಳಸುತ್ತಾರೆ. ಅಂದರೆ ಭೂಮಿಯ ಮೇಲೆ ಎಲ್ಲಾದರೂ ಒಂದು ಕಡೆ ಆ ದಿನ ಇನ್ನೂ ಮುಗಿದಿಲ್ಲವಾದರೆ ಗಡುವು ಮುಗಿದಿಲ್ಲ, ಯುಟಿಸಿಗಿಂತ, ಅಂದರೆ ಜಾಗತಿಕ ಪ್ರಮಾಣಿತ ಸಮಯಕ್ಕಿಂತ, 12 ಗಂಟೆ ಹಿಂದಿನ ಸಮಯ. ನಿಮ್ಮ ಕ್ಷೇತ್ರದಲ್ಲಿ ಇದು ಬಳಕೆಯಲ್ಲಿಲ್ಲದಿದ್ದರೆ ಯುಟಿಸಿ ಸಮಯವನ್ನೇ ಕೊಡಿ.

ಮೇಲಿನ ಒಳಗೆ ಮೊದಲ ಎರಡು ಸಾಲಿನಲ್ಲಿ ಯಾರಿಗೆ, ಏನು, ಯಾವಾಗಿನ ಒಳಗೆ ಎಂದು ಮುಗಿಯಬೇಕು. ನಿಮ್ಮ ಸಂಸ್ಥೆಯ ಹಿರಿಮೆ, ಸ್ಥಾಪನೆಯಾದ ವರ್ಷ, ಅಧ್ಯಕ್ಷರ ಸಂದೇಶ ಎಲ್ಲ ಆಮೇಲೆ, ಅಥವಾ ಬೇಡ. ಕೆಲಸದ ಜಾಹೀರಾತಾದರೆ ಸಂಬಳ, ಎಷ್ಟು ಕಾಲ, ಯಾವ ಊರು, ದೂರದಿಂದಲೇ ಮಾಡಬಹುದಾ, ವೀಸಾಕ್ಕೆ ಸಹಾಯ ಇದೆಯಾ, ಯಾವ ಪದವಿ ಬೇಕು, ಇಷ್ಟು ಬರೆಯಿರಿ. ಸಂಬಳ ಬರೆಯದ ಜಾಹೀರಾತು ಓದುಗರ ಸಮಯ ತಿನ್ನುತ್ತದೆ. ‘ಅರ್ಹತೆಗೆ ತಕ್ಕಂತೆ’ ಎಂದರೆ ಯಾರಿಗೂ ಏನೂ ಹೇಳಿದಂತಾಗಲಿಲ್ಲ. ಸಮ್ಮೇಳನವಾದರೆ ನೋಂದಣಿ ಶುಲ್ಕ, ಆನ್‌ಲೈನಿನಲ್ಲಿ ಸೇರಬಹುದಾ, ಸಾರಾಂಶ ಎಷ್ಟು ಪದ, ಪ್ರಬಂಧ ಎಲ್ಲಿ ಪ್ರಕಟವಾಗುತ್ತದೆ, ಪ್ರಯಾಣದ ಖರ್ಚಿಗೆ ನೆರವು ಇದೆಯಾ ಎಂದು ಹೇಳಿ. ಶುಲ್ಕವನ್ನು ಮೂರನೇ ಪುಟದ ಲಿಂಕಿನ ಹಿಂದೆ ಅಡಗಿಸಿಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ, ಪ್ರಬಂಧ ಒಪ್ಪಿಗೆಯಾದ ಮೇಲೆ ಅಷ್ಟು ದುಡ್ಡು ಕಟ್ಟಬೇಕು ಎಂದು ತಿಳಿದು ಹಿಂದೆ ಸರಿಯುವುದು ಹೆಚ್ಚಾಗಿ ವಿದ್ಯಾರ್ಥಿಗಳೇ.

ಅಟ್ಯಾಚ್‌ಮೆಂಟ್ ಬೇಡ. ಮೇಲ್‌ಮ್ಯಾನ್ ಹಳೆಯ ಆವೃತ್ತಿಯಲ್ಲಿ ಯಾರೂ ಬದಲಾಯಿಸದಿದ್ದರೆ ಒಂದು ಮೇಲಿನ ಮಿತಿ 40 ಕಿಲೋಬೈಟ್. ನಿಮ್ಮ ಬಣ್ಣದ ಪೋಸ್ಟರ್ ಅದನ್ನು ದಾಟಿ ಮಾಡರೇಟರ್ ಬಳಿ ಸಿಕ್ಕಿಹಾಕಿಕೊಳ್ಳುತ್ತದೆ, ಕೆಲವು ಲಿಸ್ಟುಗಳಲ್ಲಿ ಅಟ್ಯಾಚ್‌ಮೆಂಟ್ ಕಳಚಿ ಬಿದ್ದು ‘ವಿವರಕ್ಕೆ ಪೋಸ್ಟರ್ ನೋಡಿ’ ಎಂಬ ಒಂದು ಸಾಲು ಮಾತ್ರ ಎಲ್ಲರಿಗೂ ಹೋಗುತ್ತದೆ. ಸಾದಾ ಅಕ್ಷರದಲ್ಲಿ ಬರೆದು ಒಂದೇ ಒಂದು ಲಿಂಕ್ ಕೊಡಿ, ಪೂರ್ತಿ ಲಿಂಕ್, ಮೊಟಕು ಮಾಡಿದ್ದಲ್ಲ. ಯಾರು ಒತ್ತಿದರು ಎಂದು ಎಣಿಸುವ ಲಿಂಕ್ ಅಂತೂ ಬೇಡ. ಕೊನೆಯ ಸಹಿ ನಾಲ್ಕು ಸಾಲು ಸಾಕು, ಆರ್‌ಎಫ್‌ಸಿ 1855 ಹೇಳುವುದೂ ಅಷ್ಟೇ. ಸ್ವಂತ ಫೋನ್ ನಂಬರ್ ಹಾಕಬೇಡಿ, ಎಷ್ಟೋ ಲಿಸ್ಟುಗಳ ಆರ್ಕೈವನ್ನು ಯಾರು ಬೇಕಾದರೂ ಹುಡುಕಿ ಓದಬಹುದು.

ಒಂದೇ ಮೇಲನ್ನು ಐದು ಲಿಸ್ಟಿಗೆ ಕಳಿಸುವ ಅಭ್ಯಾಸದ ಬಗ್ಗೆ. ‘ಹಲವು ಕಡೆ ಹಾಕಿದ್ದಕ್ಕೆ ಕ್ಷಮೆ ಇರಲಿ’ ಎಂಬ ಸಾಲು ಎಲ್ಲರ ಮೇಲಿನಲ್ಲೂ ಇರುತ್ತದೆ, ಆ ಕ್ಷಮೆಯನ್ನು ಈಗ ಯಾರೂ ನಂಬುವುದಿಲ್ಲ. ಎರಡು ಮೂರು ಲಿಸ್ಟಿಗೆ ಹಾಕಲೇಬೇಕಾದರೆ ಒಂದೊಂದಕ್ಕೂ ಬೇರೆ ಬೇರೆಯಾಗಿ ಕಳಿಸಿ, ‘ಈ ಲಿಸ್ಟಿನವರಿಗೆ ಇದು ಯಾಕೆ ಬೇಕಾಗಬಹುದು’ ಎಂಬ ಒಂದು ಸಾಲು ಸೇರಿಸಿ. ಎಲ್ಲ ಲಿಸ್ಟುಗಳ ವಿಳಾಸವನ್ನೂ ಒಂದೇ ‘ಟು’ ಸಾಲಿನಲ್ಲಿ ತುಂಬಬೇಡಿ. ಯಾರಾದರೂ ಎಲ್ಲರಿಗೂ ಉತ್ತರಿಸಿದರೆ ಅದು ಅವರು ಸದಸ್ಯರೇ ಅಲ್ಲದ ಲಿಸ್ಟುಗಳಿಗೂ ಹೋಗುತ್ತದೆ, ಅಲ್ಲಿಂದ ತಿರುಗಿ ಬರುತ್ತದೆ, ಗೊಂದಲ ದಿನವಿಡೀ ನಡೆಯುತ್ತದೆ. ಒಂದು ಸಾಲಿನ ಕಾರಣವೂ ಹೊಳೆಯಲಿಲ್ಲವಾದರೆ ಆ ಲಿಸ್ಟಿಗೆ ಕಳಿಸುವ ಅಗತ್ಯವಿಲ್ಲ.

ಕಳಿಸುವಾಗ ಲಿಸ್ಟಿಗೆ ಸೇರಿದ ವಿಳಾಸದಿಂದಲೇ ಕಳಿಸಿ. ಕಳಿಸಿದ ಮೇಲೆ ಕಾಣಿಸಲಿಲ್ಲ ಎಂದು ಗಾಬರಿಯಾಗಿ ಮತ್ತೆ ಕಳಿಸುವವರು ಬಹಳ. ಜಿಮೇಲ್ ಬಳಸುತ್ತಿದ್ದರೆ, ನೀವೇ ಲಿಸ್ಟಿಗೆ ಹಾಕಿದ ಮೇಲ್ ನಿಮ್ಮ ಇನ್‌ಬಾಕ್ಸಿಗೆ ತಿರುಗಿ ಬಂದದ್ದು ಕಾಣುವುದಿಲ್ಲ, ಅದರ ಕ್ರಮವೇ ಹಾಗೆ. ಮಾಡರೇಟರ್ ಬೇರೆ ದೇಶದಲ್ಲಿ ಮಲಗಿರಲೂಬಹುದು. ಒಂದೆರಡು ದಿನ ಕಾಯಿರಿ, ಆರ್ಕೈವಿನಲ್ಲಿ ನೋಡಿ, ಆಗಲೂ ಇಲ್ಲದಿದ್ದರೆ ಮಾಡರೇಟರಿಗೆ ಬರೆಯಿರಿ.

ನೆನಪಿಸುವ ಮೇಲ್ ಒಂದು ಸಾಕು, ಗಡುವಿಗೆ ಒಂದು ವಾರ ಮೊದಲು, ಚಿಕ್ಕದಾಗಿ. ಗಡುವು ಮುಂದೆ ಹಾಕಿದರೆ ಅದನ್ನೂ ಒಂದೇ ಸಲ ಹೇಳಿ. ‘ಅನೇಕರ ಕೋರಿಕೆಯ ಮೇರೆಗೆ’ ಎಂಬ ಅಲಂಕಾರ ಬೇಡ, ಸಾಕಷ್ಟು ಪ್ರಬಂಧ ಬಂದಿಲ್ಲ ಎಂದು ಎಲ್ಲರಿಗೂ ಅರ್ಥವಾಗುತ್ತದೆ, ಅದರಲ್ಲಿ ನಾಚಿಕೆಯೂ ಇಲ್ಲ.

ಪ್ರಶ್ನೆಗಳನ್ನು ನಿಮ್ಮ ವಿಳಾಸಕ್ಕೇ ಕಳಿಸಿ ಎಂದು ಮೇಲಿನಲ್ಲಿ ಬರೆಯಿರಿ. ಆದರೂ ಯಾರಾದರೂ ಲಿಸ್ಟಿನಲ್ಲೇ ‘ಶುಲ್ಕದಲ್ಲಿ ವಿನಾಯಿತಿ ಇದೆಯಾ’ ಎಂದು ಕೇಳಿದರೆ ಅಲ್ಲೇ ಉತ್ತರ ಕೊಡಿ, ಅದೇ ಪ್ರಶ್ನೆ ಇನ್ನೂ ಕೆಲವರಿಗೆ ಇರುತ್ತದೆ. ಯಾರಾದರೂ ‘ಇದು ಇಲ್ಲಿ ಹಾಕುವಂಥದ್ದಲ್ಲ’ ಎಂದರೆ ಲಿಸ್ಟಿನಲ್ಲಿ ವಾದಕ್ಕೆ ಇಳಿಯಬೇಡಿ, ಅವರಿಗೂ ಮಾಡರೇಟರಿಗೂ ಖಾಸಗಿಯಾಗಿ ಬರೆಯಿರಿ. ಮಾಡರೇಟರ್ ತಿರಸ್ಕರಿಸಿದರೆ ಅಲ್ಲಿಗೆ ಮುಗಿಯಿತು. ತಿರಸ್ಕರಿಸಿದ ಮೇಲೆ ಲಿಸ್ಟಿನಲ್ಲಿ ಬರೆಯುವವರ ವಿಳಾಸಗಳನ್ನು ಒಂದೊಂದಾಗಿ ಹೆಕ್ಕಿ ನೇರವಾಗಿ ಮೇಲ್ ಕಳಿಸುವವರಿದ್ದಾರೆ. ಅದನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ, ಮತ್ತು ಕೆಲವು ದೇಶಗಳಲ್ಲಿ ಕಾನೂನೂ ಒಪ್ಪುವುದಿಲ್ಲ.

ತಾರೀಖು ತಪ್ಪಾಗಿ ಹೋಗಿದ್ದರೆ ‘ತಿದ್ದುಪಡಿ’ ಎಂದು ಸಬ್ಜೆಕ್ಟಿನ ಮುಂದೆ ಹಾಕಿ, ತಪ್ಪಿದ ಸಾಲನ್ನಷ್ಟೇ ಬರೆದು ಕಳಿಸಿ, ಇಡೀ ಜಾಹೀರಾತನ್ನು ಮತ್ತೆ ಅಂಟಿಸಬೇಡಿ. ಕಾರ್ಯಕ್ರಮ ರದ್ದಾದರೆ, ಅಥವಾ ಗಡುವಿಗೆ ಮೊದಲೇ ಕೆಲಸ ಬೇರೆಯವರಿಗೆ ಹೋದರೆ ಅದನ್ನೂ ಎರಡು ಸಾಲಿನಲ್ಲಿ ತಿಳಿಸಿ. ಅರ್ಜಿ ಬರೆಯುತ್ತಾ ಕೂತವರು ಆ ಲಿಸ್ಟಿನಲ್ಲೇ ಇರುತ್ತಾರೆ.