ಹುಡುಗರು ಎಲ್ಲಿಂದ ಬರುತ್ತಾರೆ: ಕನ್ನಡದಲ್ಲಿ ಕಾಲೇಜ್ ಫುಟ್‌ಬಾಲ್ ಪಾಡ್‌ಕಾಸ್ಟ್ ನಡೆಸಿದ ಅನುಭವ

ಒಹಾಯೊದ ಕೊಲಂಬಸ್‌ನಲ್ಲಿ ಮನೆ ಮಾಡಿದವರು ಫುಟ್‌ಬಾಲ್‌ನಿಂದ (ಕಾಲಲ್ಲಿ ಒದೆಯುವ ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ತಪ್ಪಿಸಿಕೊಳ್ಳುವುದು ಕಷ್ಟ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಯಾವುದಾದರೂ ಶನಿವಾರ ಗೃಹಪ್ರವೇಶ ಇಟ್ಟುಕೊಂಡರೆ ಪುರೋಹಿತರೇ ಮೊದಲು ಕೇಳುವುದು "ಮ್ಯಾಚ್ ಎಷ್ಟು ಗಂಟೆಗೆ?" ಅಂತ. 1922ರಲ್ಲಿ ತೆರೆದ, ಕುದುರೆ ಲಾಳದ ಆಕಾರದ ಒಹಾಯೊ ಸ್ಟೇಡಿಯಂನಲ್ಲಿ 1,02,780 ಜನ ಕೂರುತ್ತಾರೆ. ಅಷ್ಟೂ ಜನ ಒಟ್ಟಿಗೆ ಹೊರಗೆ ಬಂದರೆ ನಿಮ್ಮ ಮನೆಗೆ ಊಟಕ್ಕೆ ಬರಬೇಕಾದವರು ಹೈವೇಯಲ್ಲೇ ಉಳಿಯುತ್ತಾರೆ.

ನಾನು ಆ ಸ್ಟೇಡಿಯಂ ಇರುವ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ. ಊರಿಗೆ ಬಂದೆ, ಊರಿನ ತಂಡ ನನ್ನದಾಯಿತು, ಅಷ್ಟೇ. ಮೈಸೂರಿನ ಗೆಳೆಯನೊಬ್ಬ ಡಲ್ಲಾಸ್‌ನಲ್ಲಿದ್ದಾನೆ. ಆಸ್ಟಿನ್‌ನಲ್ಲಿ ಎಂ.ಎಸ್. ಮಾಡಿದವನು, ಹಾಗಾಗಿ ಅಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯ ತಂಡದ ಕಟ್ಟಾ ಅಭಿಮಾನಿ. ಶನಿವಾರದ ಪಂದ್ಯಗಳು ಮುಗಿದ ಮೇಲೆ ನಾವಿಬ್ಬರೂ ಫೋನಿನಲ್ಲಿ ಜಗಳ ಆಡುತ್ತಿದ್ದೆವು. ಅದನ್ನೇ ಭಾನುವಾರ ರಾತ್ರಿಗೆ ಹಾಕಿಕೊಂಡು ರೆಕಾರ್ಡ್ ಮಾಡಲು ಶುರುಮಾಡಿದೆವು. ಕೇಳುಗರು ಬಹುತೇಕ ಅಮೆರಿಕದ ಕನ್ನಡ ಸಂಘಗಳ ವಾಟ್ಸಾಪ್ ಗುಂಪಿನವರು. ಇಬ್ಬರಿಗೂ ಸಾಮಾನು ಅಂತ ಇರುವುದು ಒಂದೊಂದು ಯುಎಸ್‌ಬಿ ಮೈಕು. ನಾನು ಬಟ್ಟೆಯ ಕ್ಲಾಸೆಟ್ ಒಳಗೆ, ಚಳಿಗಾಲದ ಕೋಟುಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಪ್ರತಿಧ್ವನಿ ಹೋಗಲು ಅದಕ್ಕಿಂತ ಒಳ್ಳೆಯ ಸ್ಟುಡಿಯೋ ಮನೆಯಲ್ಲಿಲ್ಲ. ತಾಂತ್ರಿಕ ವಿಷಯ ಇಷ್ಟೇ. ಕಷ್ಟ ಇದ್ದದ್ದು ಏನು ಮಾತಾಡಬೇಕು ಅನ್ನುವುದರಲ್ಲಿ.

ಇಂಗ್ಲಿಷಿನಲ್ಲಿ ಈ ಆಟಕ್ಕೆ ಪಾಡ್‌ಕಾಸ್ಟ್‌ಗಳ ಬರವಿಲ್ಲ. 'ದಿ ಸಾಲಿಡ್ ವರ್ಬಲ್' 2008ರಿಂದ ನಡೆಯುತ್ತಿದೆ. 'ಸ್ಪ್ಲಿಟ್ ಝೋನ್ ಡ್ಯುಯೋ' ಕೇಳಿದರೆ ಆಟದ ಹಿಂದಿನ ದುಡ್ಡು, ರಾಜಕೀಯ ಎಲ್ಲ ಅರ್ಥವಾಗುತ್ತದೆ. ಆದರೆ ಅವರ ಕೇಳುಗರು ಹುಟ್ಟಿದಾಗಿನಿಂದ ಇದನ್ನೇ ನೋಡಿ ಬೆಳೆದವರು. ನಮ್ಮವರು ಹಾಗಲ್ಲ. ಯಾವ ಫಾರ್ಮೇಶನ್, ಯಾವ ಬ್ಲಿಟ್ಜ್ ಅಂತ ಹೇಳಹೊರಟರೆ ಐದು ನಿಮಿಷಕ್ಕೆ ಆಫ್ ಮಾಡುತ್ತಾರೆ. ನಮಗೆ ವಿಷಯ ಸಿಕ್ಕಿದ್ದು ಆರು ತಿಂಗಳಿಗೆಂದು ದಾವಣಗೆರೆಯಿಂದ ಬಂದಿದ್ದ ಅಮ್ಮನಿಂದ. ಟಿವಿಯಲ್ಲಿ ಆಟಗಾರನ ಹೆಸರಿನ ಕೆಳಗೆ 'ಫ್ಲಾರಿಡಾ' ಅಂತ ಬಂದದ್ದು ನೋಡಿ ಕೇಳಿದರು: "ಅಷ್ಟು ದೂರದಿಂದ ಬಂದಾನಂದ್ರ ಅವ್ರ ತಾಯಿ ವಾರ ವಾರ ನೋಡಾಕ ಹೆಂಗ್ ಬರ್ತಾಳಪಾ?"

ರಿಕ್ರೂಟಿಂಗ್ ಅನ್ನುವ ಇಡೀ ವ್ಯವಹಾರದ ಮೂಲ ಪ್ರಶ್ನೆ ಇದೇ. ಹದಿನೇಳು ವರ್ಷದ ಹುಡುಗನನ್ನು ಅವನ ಮನೆಯಿಂದ ಎಷ್ಟು ದೂರ ಎಳೆಯಬಹುದು, ಮತ್ತು ಯಾವುದರಿಂದ?

ನಮ್ಮ ಕೇಳುಗರಿಗೆ ಇದನ್ನು ವಿವರಿಸಲು ಮೂಡುಬಿದಿರೆಯ ಆಳ್ವಾಸ್ ಉದಾಹರಣೆ ಸಾಕಾಯಿತು. ಅಥ್ಲೆಟಿಕ್ಸ್‌ನಲ್ಲಿ, ಕಬಡ್ಡಿಯಲ್ಲಿ ಚೆನ್ನಾಗಿರುವ ಮಕ್ಕಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಕೊಡುವುದು ಎಲ್ಲರಿಗೂ ಗೊತ್ತು. ಅದನ್ನೇ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಪೈಪೋಟಿ ಮೇಲೆ ಮಾಡಿದರೆ, ಕೋಚ್ ಹೈಸ್ಕೂಲಿಗೇ ಬಂದು ಕೂತರೆ, ಹುಡುಗನನ್ನೂ ಅಪ್ಪ ಅಮ್ಮನನ್ನೂ ವಿಮಾನದಲ್ಲಿ ಕರೆಸಿ ವಾರಾಂತ್ಯ ಪೂರ್ತಿ ಉಪಚರಿಸಿದರೆ, ಅದು ರಿಕ್ರೂಟಿಂಗ್. ಈ ಹುಡುಗರಿಗೆ ರೇಟಿಂಗ್ ಕಂಪನಿಗಳು ಸ್ಟಾರ್ ಕೊಡುತ್ತವೆ. ಐದು ಸ್ಟಾರ್ ಸಿಗುವುದು ವರ್ಷಕ್ಕೆ ದೇಶದಲ್ಲಿ ಸುಮಾರು ಮೂವತ್ತು ಹುಡುಗರಿಗೆ ಮಾತ್ರ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 32 ಜನ ಆಯ್ಕೆಯಾಗುತ್ತಾರಲ್ಲ, ಆ ಲೆಕ್ಕ.

ನಾನು ಮಾಡಿದ ಕೆಲಸ ಒಂದು ಎಕ್ಸೆಲ್ ಶೀಟ್. ತಂಡದ ಮುಖ್ಯ ಆಟಗಾರರ ಹೆಸರು, ಹೈಸ್ಕೂಲಿನ ಊರು, ಅಲ್ಲಿಂದ ಸ್ಟೇಡಿಯಂಗೆ ಕಾರಿನಲ್ಲಿ ಎಷ್ಟು ಗಂಟೆ, ಎಷ್ಟು ಸ್ಟಾರ್, ನೇರ ಬಂದನೋ ಬೇರೆ ಕಾಲೇಜಿನಿಂದ ವರ್ಗವಾಗಿ ಬಂದನೋ. ರಾತ್ರಿ ಮಕ್ಕಳು ಮಲಗಿದ ಮೇಲೆ ತುಂಬಿಸುವುದು. ಒಹಾಯೊ ಸ್ಟೇಟ್‌ನ 2024ರ ತಂಡದ ಶೀಟು ತುಂಬಿದಾಗ ಒಂದು ಚಿತ್ರ ಕಂಡಿತು. ನಮ್ಮ ಪಕ್ಕದ ಪಿಕರಿಂಗ್ಟನ್ ಊರೊಂದರಿಂದಲೇ ಡಿಫೆನ್ಸ್‌ಗೆ ಮೂವರು: ಜ್ಯಾಕ್ ಸಾಯರ್, ಸನ್ನಿ ಸ್ಟೈಲ್ಸ್, ಟೈ ಹ್ಯಾಮಿಲ್ಟನ್. ಕೊಲಂಬಸ್‌ನಿಂದ ಅರ್ಧ ಗಂಟೆ ದಾರಿ, ನಮ್ಮ ಎಷ್ಟೋ ಜನ ಅಲ್ಲೇ ಮನೆ ಕೊಂಡಿದ್ದಾರೆ. ಇನ್ನೊಂದು ತುದಿಯಲ್ಲಿ ಎಮೆಕಾ ಎಗ್ಬುಕಾ ಮತ್ತು ಜೆಟಿ ಟುಯಿಮೊಲೊವಾ, ಇಬ್ಬರೂ ವಾಷಿಂಗ್ಟನ್ ರಾಜ್ಯದವರು. ದೇಶದ ಆ ಬದಿ. ನಡುವಿನ ದೂರದವರು ಕಡಿಮೆ. ಮನೆ ಹತ್ತಿರದವರು ಬರುವುದಕ್ಕೆ ಕಾರಣ ಕೇಳಬೇಕಿಲ್ಲ. ಮೂರು ಸಾವಿರ ಕಿಲೋಮೀಟರ್ ದಾಟಿ ಬಂದವನ ಹಿಂದೆ ಮಾತ್ರ ಯಾವಾಗಲೂ ಒಂದು ಕಥೆ ಇರುತ್ತದೆ. ನಮ್ಮ ಎಪಿಸೋಡುಗಳೆಲ್ಲ ಆ ಕಥೆಗಳ ಮೇಲೇ ನಿಂತವು.

ಗೆಳೆಯನಿಗೆ ಈ ಶೀಟು ಅಂದರೆ ನಗು. "ಗುರೂ, ನೀವು ಹುಡುಗರನ್ನ ಹುಡುಕ್ಕೊಂಡು ಊರೂರು ಅಲೀತೀರ. ನಮ್ಮವರು ಬಾಗಿಲು ತೆಗೆದ್ರೆ ಸಾಕು." ಅವನ ಮಾತಿನಲ್ಲಿ ಸುಳ್ಳಿಲ್ಲ. ಡಲ್ಲಾಸ್ ಹತ್ತಿರದ ಆ್ಯಲೆನ್ ಎಂಬ ಊರಿನ ಹೈಸ್ಕೂಲು 2012ರಲ್ಲಿ 6 ಕೋಟಿ ಡಾಲರ್ ಖರ್ಚು ಮಾಡಿ 18,000 ಜನ ಕೂರುವ ಸ್ಟೇಡಿಯಂ ಕಟ್ಟಿತು. ಹೈಸ್ಕೂಲು! ಟೆಕ್ಸಸ್, ಫ್ಲಾರಿಡಾ, ಜಾರ್ಜಿಯಾ, ಕ್ಯಾಲಿಫೋರ್ನಿಯಾ, ಈ ನಾಲ್ಕು ರಾಜ್ಯಗಳೇ ಒಳ್ಳೆಯ ಆಟಗಾರರ ದೊಡ್ಡ ಪಾಲು ಕೊಡುವುದು. ಜಾರ್ಜಿಯಾ ವಿಶ್ವವಿದ್ಯಾಲಯ ಇರುವ ಆಥೆನ್ಸ್‌ನಿಂದ ಅಟ್ಲಾಂಟಾದ ಉಪನಗರಗಳು ಒಂದೂವರೆ ಗಂಟೆಯೊಳಗಿನ ದಾರಿ. ಅಲ್ಲಿನ ಕೋಚ್ ಕರ್ಬಿ ಸ್ಮಾರ್ಟ್ 2021, 2022 ಎರಡೂ ಸೀಸನ್ ಚಾಂಪಿಯನ್ ಪಟ್ಟ ಗೆದ್ದದ್ದರಲ್ಲಿ ಅವರ ಜಾಣ್ಮೆ ಎಷ್ಟಿದೆಯೋ ಆ ಒಂದೂವರೆ ಗಂಟೆಯ ಪಾಲೂ ಅಷ್ಟಿದೆ ಅಂತ ನನ್ನ ಅಭಿಪ್ರಾಯ.

ಇದಕ್ಕೆ ಉಲ್ಟಾ ನೆಬ್ರಾಸ್ಕಾ. ಅಭಿಮಾನದಲ್ಲಿ ಅವರನ್ನು ಮೀರಿಸುವವರಿಲ್ಲ. 1962ರಿಂದ ಲಿಂಕನ್‌ನ ಸ್ಟೇಡಿಯಂನ ಟಿಕೆಟ್ ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟ. 1994, 1995, 1997ರಲ್ಲಿ ಚಾಂಪಿಯನ್‌ಗಳು. ಆದರೆ ರಾಜ್ಯದ ಜನಸಂಖ್ಯೆಯೇ ಸುಮಾರು 20 ಲಕ್ಷ. ಹತ್ತಿರದಲ್ಲಿ ಹುಡುಗರೇ ಇಲ್ಲ. ಹಳೆಯ ಕೋಚ್‌ಗಳ ಕಾಲ ಮುಗಿದ ಮೇಲೆ ಟಿಕೆಟ್ ಮಾರಾಟ ನಿಲ್ಲಲಿಲ್ಲ, ಗೆಲುವು ನಿಂತಿತು. ಅಭಿಮಾನಿಗಳ ಗದ್ದಲ ನೋಡಿ ಹುಡುಗರು ಬರುತ್ತಾರೆ ಎಂಬ ಮಾತನ್ನು ನಾನು ಅಂದಿನಿಂದ ಅಷ್ಟಾಗಿ ನಂಬುವುದಿಲ್ಲ. ಹೊಳೆಯುವ ಲಾಕರ್ ರೂಮ್, ಹೊಸ ಜೆರ್ಸಿ, ಇವೂ ಅಷ್ಟೇ. ಎಲ್ಲರ ಹತ್ತಿರವೂ ಇರುವುದು ಯಾರಿಗೂ ಅನುಕೂಲವಲ್ಲ.

ದೂರದವರನ್ನು ಎಳೆಯುವುದು ಕೆಲಸದ ಗ್ಯಾರಂಟಿ. ಇಂಜಿನಿಯರಿಂಗ್ ಕಾಲೇಜು ಆರಿಸುವಾಗ ಪ್ಲೇಸ್‌ಮೆಂಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಒಹಾಯೊ ಸ್ಟೇಟ್‌ನಲ್ಲಿ ವೈಡ್ ರಿಸೀವರ್‌ಗಳನ್ನು, ಅಂದರೆ ಎಸೆದ ಚೆಂಡು ಹಿಡಿಯುವವರನ್ನು, ತಯಾರು ಮಾಡುತ್ತಿದ್ದವರು ಬ್ರಯಾನ್ ಹಾರ್ಟ್‌ಲೈನ್, ತಾವೇ ಇಲ್ಲಿ ಆಡಿ ಎನ್‌ಎಫ್‌ಎಲ್‌ಗೆ ಹೋದವರು. ಅವರ ಕೈಯಲ್ಲಿ ಪಳಗಿದವರಲ್ಲಿ 2022ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಗ್ಯಾರೆಟ್ ವಿಲ್ಸನ್, ಕ್ರಿಸ್ ಒಲಾವೆ; 2023ರಲ್ಲಿ ಜ್ಯಾಕ್ಸನ್ ಸ್ಮಿತ್-ಎಂಜಿಗ್ಬಾ; 2024ರಲ್ಲಿ ಮಾರ್ವಿನ್ ಹ್ಯಾರಿಸನ್ ಜೂನಿಯರ್; 2025ರಲ್ಲಿ ಎಗ್ಬುಕಾ. ಅಂಥ ಪಟ್ಟಿ ಕೈಯಲ್ಲಿ ಹಿಡಿದು ದಕ್ಷಿಣ ಫ್ಲಾರಿಡಾದ ಮನೆಯೊಂದರ ಸೋಫಾ ಮೇಲೆ ಕೂತರೆ ಬೇರೆ ಮಾತೇ ಬೇಡ.

ಆದರೂ ಮಾತು ಬೇಕಾಗುತ್ತದೆ ಅಂತ ಗೊತ್ತಾಗಿದ್ದು 2023ರ ಡಿಸೆಂಬರ್ 20ರಂದು, ಹುಡುಗರು ಸಹಿ ಹಾಕುವ ದಿನ. ಆ ವರ್ಷದ ನಂಬರ್ ಒನ್ ಹುಡುಗ ಜೆರೆಮಿಯಾ ಸ್ಮಿತ್, ಫ್ಲಾರಿಡಾದವನು, ಒಹಾಯೊ ಸ್ಟೇಟ್‌ಗೆ ಬರುತ್ತೇನೆಂದು ಹಿಂದಿನ ವರ್ಷವೇ ಒಪ್ಪಿದ್ದ. ಆ ದಿನ ಸಭೆಯಲ್ಲೂ ಹಾಗೆಯೇ ಘೋಷಿಸಿದ. ಆದರೆ ಸಹಿ ಮಾಡಿದ ಕಾಗದ ಕೊಲಂಬಸ್‌ಗೆ ಬರಲಿಲ್ಲ. ಮನೆ ಪಕ್ಕದ ಮಯಾಮಿ, ಅದೇ ರಾಜ್ಯದ ಫ್ಲಾರಿಡಾ ಸ್ಟೇಟ್ ತಂಡಗಳು ಇನ್ನೂ ಕೈಬಿಟ್ಟಿಲ್ಲ ಅಂತ ಸುದ್ದಿ. ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿದ್ದರೂ ಎಲ್ಲರ ಕಣ್ಣು ಮೇಜಿನ ಕೆಳಗಿನ ಫೋನ್ ಮೇಲೆ. ಮಧ್ಯಾಹ್ನ ಹೋಯಿತು, ಸಂಜೆಯಾಯಿತು. ನಮ್ಮ ಗುಂಪಿನಲ್ಲೊಬ್ಬರು "ಮದುವೆ ಮಂಟಪಕ್ಕೆ ಬಂದು ತಾಳಿ ಕಟ್ಟದೆ ಕೂತಿದ್ದಾನೆ" ಅಂತ ಬರೆದರು. ರಾತ್ರಿ ಹೊತ್ತಿಗೆ ಕಾಗದ ಬಂತು. ನಾವು ಆ ರಾತ್ರಿಯೇ ರೆಕಾರ್ಡ್ ಮಾಡಿದೆವು. ನಾನು ಹೆಚ್ಚು ಮಾತಾಡಿದ್ದು ಸ್ಮಿತ್ ಬಗ್ಗೆ ಅಲ್ಲ, ಅವನ ಸಹಿಗಾಗಿ ಇಡೀ ದಿನ ಕಾದ ನಲವತ್ತು ದಾಟಿದ ಗಂಡಸರ ಬಗ್ಗೆ.

ಇಂಥ ದಿನಗಳಿಂದಲೇ ಪಾಡ್‌ಕಾಸ್ಟ್ ಕೇಳುವುದಕ್ಕೆ ನನ್ನದೇ ಒಂದು ಕ್ರಮ ಬಂತು. ಒಂದೊಂದು ತಂಡಕ್ಕೂ ಅಂಟಿಕೊಂಡಿರುವ 'ಇನ್‌ಸೈಡರ್' ಪಾಡ್‌ಕಾಸ್ಟ್‌ಗಳು ಆಸೆ ಮಾರುತ್ತವೆ. ಚಂದಾ ಕಟ್ಟುವವನಿಗೆ "ಆ ಹುಡುಗ ಬರುವ ಸಾಧ್ಯತೆ ಇದೆ" ಅಂತ ವರ್ಷಪೂರ್ತಿ ಹೇಳುತ್ತಿರಬೇಕು, ಇಲ್ಲದಿದ್ದರೆ ಚಂದಾ ನಿಲ್ಲುತ್ತದೆ. ಹಾಗಾಗಿ ಒಬ್ಬ ಹುಡುಗನ ವಿಷಯದಲ್ಲಿ ನಮ್ಮ ತಂಡದವರು ಹೇಳಿದ್ದಕ್ಕಿಂತ ಎದುರಾಳಿ ತಂಡದ ಪಾಡ್‌ಕಾಸ್ಟ್‌ನವರು ಹೇಳಿದ್ದನ್ನು ನಾನು ಮೊದಲು ಕೇಳುತ್ತೇನೆ. ಅವರು ದನಿ ತಗ್ಗಿಸಿ "ಅವನಿಲ್ಲದಿದ್ದರೂ ನಮಗೆ ಬೇರೆಯವರಿದ್ದಾರೆ" ಅಂದರೆ ಹುಡುಗ ನಮ್ಮ ಕಡೆ ಬಂದ ಅಂತಲೇ ಲೆಕ್ಕ. ಮಾರ್ಚ್ ತಿಂಗಳ ವಸಂತ ಅಭ್ಯಾಸದ ಸುದ್ದಿಗಳನ್ನು ಪೂರ್ತಿ ಬಿಡುತ್ತೇನೆ. ಆ ತಿಂಗಳಲ್ಲಿ ಎಲ್ಲ ಆಟಗಾರರೂ ತೂಕ ಇಳಿಸಿ ಇಲ್ಲವೇ ಏರಿಸಿ ಬಂದಿರುತ್ತಾರೆ, ಎಲ್ಲರೂ ಅದ್ಭುತವಾಗಿರುತ್ತಾರೆ.

ದುಡ್ಡಿನ ವಿಷಯಕ್ಕೆ ಬಂದರೆ, 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಮಾಡಬಹುದು ಎಂದಾಯಿತು. ಅದೇ ವರ್ಷದಿಂದ ಒಂದು ಸಲ ಕಾಲೇಜು ಬದಲಿಸಿದರೆ ವರ್ಷ ಕಾಯಬೇಕಿಲ್ಲ ಎಂದಾಯಿತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ನಂತರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಪಾಲು ಕೊಡುತ್ತಿವೆ. ಎಲ್ಲ ಆಟಗಳೂ ಸೇರಿ ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. "ಓದೋ ಹುಡುಗರಿಗೆ ಸಂಬಳವಾ?" ಅಂತ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಕೋಚ್‌ಗೆ ವರ್ಷಕ್ಕೆ ಕೋಟಿ ಡಾಲರ್ ಕೊಡುವಾಗ ಮುರಿಯದ ಮೂಗು ಈಗೇಕೆ ಮುರಿಯಬೇಕೋ ನನಗೆ ಗೊತ್ತಿಲ್ಲ.

ಈ ಬದಲಾವಣೆಯ ಇಡೀ ಕಥೆ ಒಂದೇ ಓಟದಲ್ಲಿ ಸಿಕ್ಕಿತು. ಡಲ್ಲಾಸ್ ಪಕ್ಕದ ಸೌತ್‌ಲೇಕ್‌ನ ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಚೆಂಡು ಎಸೆಯುವವನು) ಕ್ವಿನ್ ಯೂವರ್ಸ್, ಹೈಸ್ಕೂಲಿನ ಕೊನೆಯ ವರ್ಷ ಬಿಟ್ಟು 2021ರಲ್ಲಿ ಕೊಲಂಬಸ್‌ಗೆ ಬಂದ. ಬಹುತೇಕ ಬೆಂಚಿನ ಮೇಲೇ ಕೂತ, ಡಿಸೆಂಬರ್‌ಗೆ ಟೆಕ್ಸಸ್‌ಗೆ ಹೊರಟುಹೋದ. ಇಲ್ಲಿದ್ದಾಗ ಅವನ ರೂಮ್‌ಮೇಟ್ ಪಿಕರಿಂಗ್ಟನ್‌ನ ಜ್ಯಾಕ್ ಸಾಯರ್. 2025ರ ಜನವರಿ 10, ಕಾಟನ್ ಬೌಲ್ ಎಂಬ ಸೆಮಿಫೈನಲ್, ನಮಗೂ ಟೆಕ್ಸಸ್‌ಗೂ, ಡಲ್ಲಾಸ್ ಪಕ್ಕದ ಆರ್ಲಿಂಗ್ಟನ್‌ನಲ್ಲೇ. ಗೆಳೆಯ ಸ್ಟೇಡಿಯಂನಲ್ಲಿದ್ದ. ಟೆಕ್ಸಸ್ ಏಳು ಅಂಕ ಹಿಂದೆ, ಅಂಕ ಸಿಗುವ ಗೆರೆಯಿಂದ ಎಂಟು ಗಜ ದೂರ, ಕೊನೆಯ ಅವಕಾಶ. ಸಾಯರ್ ಹಳೆಯ ರೂಮ್‌ಮೇಟ್ ಕೈಯಿಂದ ಚೆಂಡು ಕೆಡವಿ, ತಾನೇ ಎತ್ತಿಕೊಂಡು 83 ಗಜ ಓಡಿ ಆಚೆ ತುದಿ ಮುಟ್ಟಿಸಿದ. ಗೆಳೆಯ ಮರುದಿನ ಸಂಜೆವರೆಗೆ ಫೋನ್ ಎತ್ತಲಿಲ್ಲ. ಎತ್ತಿದಾಗ ಮೊದಲ ಮಾತು: "ಆ ಶೀಟಲ್ಲಿ ಪಿಕರಿಂಗ್ಟನ್ ಅಂತ ದಪ್ಪಕ್ಷರದಲ್ಲಿ ಬರ್ಕೋ, ಹೋಗು."

ಶೀಟು ಎಲ್ಲವನ್ನೂ ಹೇಳುವುದಿಲ್ಲ ಅನ್ನುವುದಕ್ಕೂ ಅದೇ ಸೀಸನ್ ಸಾಕ್ಷಿ. ನಮ್ಮ ಬದ್ಧ ಎದುರಾಳಿ ಮಿಷಿಗನ್ ಜೊತೆಗಿನ ಪಂದ್ಯದ ವಾರ ಇಲ್ಲಿನ ಕ್ಯಾಂಪಸ್‌ನಲ್ಲಿ ಫಲಕಗಳ 'ಎಂ' ಅಕ್ಷರದ ಮೇಲೆಲ್ಲ ಕೆಂಪು ಟೇಪು. ಹುಡುಗರ ಗುಣಮಟ್ಟದಲ್ಲಿ ಆ ವರ್ಷ ಮಿಷಿಗನ್ ನಮಗೆ ಸಾಟಿಯೇ ಅಲ್ಲ. 2024ರ ನವೆಂಬರ್ 30ರಂದು ನಮ್ಮ ಮನೆಯಂಗಳದಲ್ಲೇ 13-10ರಿಂದ ಸೋತೆವು, ಸತತ ನಾಲ್ಕನೇ ಸಲ. ಕೋಚ್ ರಯಾನ್ ಡೇ ಅವರನ್ನು ಊರು ಬಿಡಿಸಬೇಕೆಂದು ಕೂಗಿದ ಜನರೇ ಜನವರಿ 20ರಂದು ನಾಟರ್‌ಡೇಮ್ ವಿರುದ್ಧ 34-23ರಿಂದ ಚಾಂಪಿಯನ್ ಆದಾಗ ಕುಣಿದರು. ಆ ಫೈನಲ್‌ನಲ್ಲಿ ಕೊನೆಗೆ ಆಟ ಮುಗಿಸಿದ ಎಸೆತ ಕ್ಯಾನ್ಸಾಸ್ ಸ್ಟೇಟ್‌ನಿಂದ ಬಂದಿದ್ದ ವಿಲ್ ಹೋವರ್ಡ್‌ನದು, ಹಿಡಿದವನು ಫ್ಲಾರಿಡಾದ ಸ್ಮಿತ್, 56 ಗಜ. ಸಹಿಯ ಕಾಗದಕ್ಕೆ ಕಾದದ್ದು ವಸೂಲಾಯಿತು.

ಮರುವರ್ಷ ನನ್ನ ಶೀಟಿಗೇ ಸವಾಲು ಬಂತು. ಇಂಡಿಯಾನಾ, ಸೋಲುಗಳ ಲೆಕ್ಕದಲ್ಲಿ ದೇಶಕ್ಕೇ ಹೆಸರಾಗಿದ್ದ ತಂಡ, ಒಂದೂ ಪಂದ್ಯ ಸೋಲದೆ 2025ರ ಸೀಸನ್‌ನ ಚಾಂಪಿಯನ್ ಆಯಿತು. ಎರಡೂ ತಂಡಗಳಿರುವ ಬಿಗ್ ಟೆನ್ ಎಂಬ ಗುಂಪಿನ ಫೈನಲ್‌ನಲ್ಲಿ ನಮ್ಮನ್ನೂ ಸೋಲಿಸಿತು. ಅರ್ಧಕ್ಕಿಂತ ಹೆಚ್ಚು ಹುಡುಗರು ನಾಲ್ಕೈದು ಸ್ಟಾರ್‌ನವರಾಗಿರದೆ ಯಾರೂ ಚಾಂಪಿಯನ್ ಆಗುವುದಿಲ್ಲ ಎಂಬ, ಪಾಡ್‌ಕಾಸ್ಟ್‌ನವರೆಲ್ಲ ಒಪ್ಪಿದ್ದ ಲೆಕ್ಕ ಅಲ್ಲಿಗೆ ಮುರಿಯಿತು. ಕೋಚ್ ಕರ್ಟ್ ಸಿಗ್ನೆಟಿ ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ತಮ್ಮ ಹುಡುಗರನ್ನು ಜೊತೆಗೇ ಕರೆತಂದಿದ್ದರು. ಸ್ಟಾರ್ ಕಡಿಮೆ, ಆಡಿದ ಅನುಭವ ಜಾಸ್ತಿ. ಗೆಳೆಯನ ಪ್ರಕಾರ ಇದು ಒಂದು ಸಲದ ಮಾತು, ದುಡ್ಡಿರುವವರು ಅದೇ ಉಪಾಯ ಕಲಿತು ಮತ್ತೆ ಮೇಲೆ ಬರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹದಿನೇಳರ ಹುಡುಗನ ಭವಿಷ್ಯ ಊಹಿಸುವುದಕ್ಕಿಂತ ಇಪ್ಪತ್ತೆರಡರವನು ಆಡಿದ್ದನ್ನು ನೋಡಿ ಆರಿಸುವುದು ಸುಲಭ, ಅದಕ್ಕೆ ದೊಡ್ಡ ಹೆಸರಿನ ಕಾಲೇಜೇ ಆಗಬೇಕಿಲ್ಲ.

ಶೀಟಿಗೆ ಎರಡು ಹೊಸ ಕಾಲಂ ಹಾಕಿದ್ದೇನೆ: ವಯಸ್ಸು, ಕಾಲೇಜಿನಲ್ಲಿ ಶುರುವಿನಿಂದ ಆಡಿದ ಪಂದ್ಯಗಳು. ಕಾರಿನ ಗಂಟೆಯ ಕಾಲಂ ತೆಗೆದುಬಿಡು ಅಂತ ಗೆಳೆಯ ಹಟ ಹಿಡಿದಿದ್ದಾನೆ. ತೆಗೆಯುವುದಿಲ್ಲ. ಮುಂದಿನ ಸೀಸನ್‌ಗೆ ಅಮ್ಮ ಮತ್ತೆ ಬರುತ್ತಾರೆ, ಅವರು ಕೇಳುವುದು ಅದೊಂದನ್ನೇ.