ಹಬೆ ಎಂಜಿನ್ನಿಗೆ ಎಣ್ಣೆ ಕ್ಯಾನ್ ಮಾಡಿದ್ದು: ಬಲ ಇರೋದು ಮಡಿಕೆಯಲ್ಲಿ

ನಾನು ಕೈಯಾರೆ ಮಾಡಿದ ಮೊದಲ್ನೇ ಆಯಿಲ್ ಕ್ಯಾನ್ ಎಂಜಿನ್ ಮೇಲೆ ಒಂದು ದಿನಾನೂ ಪೂರ್ತಿ ಬಾಳ್ಲಿಲ್ಲ. ತವರ ಲೇಪದ ತಗಡನ್ನ ಸುತ್ತಿ, ಅಂಚಿನ ಮೇಲೆ ಅಂಚು ಕೂರಿಸಿ ಬರೀ ಬೆಸುಗೆ ಹಾಕಿದ್ದೆ, ನೋಡೋಕೆ ತುಂಬಾ ಚೆನ್ನಾಗಿತ್ತು. ಆದ್ರೆ ಹಬೆ ನುಗ್ಗೋ ಸಿಲಿಂಡರಿಗೆ ಹಾಕೋ ಸಿಲಿಂಡರ್ ಎಣ್ಣೆ ಅನ್ನೋದು ಜೇನುತುಪ್ಪದ ಥರ ಗಟ್ಟಿ, ತಣ್ಣಗಿದ್ರೆ ಮೂತಿಯಿಂದ ಇಳಿಯೋದೇ ಇಲ್ಲ, ಅದಕ್ಕೇ ಕ್ಯಾನನ್ನ ಫೈರ್‌ಬಾಕ್ಸ್ ಅಂದ್ರೆ ಬೆಂಕಿ ಉರಿಯೋ ಗೂಡಿನ ಬಾಗಿಲ ಮೇಲಿರೋ ತಟ್ಟೇಲಿ ಬೆಚ್ಚಗಿಡ್ತಾರೆ. ನಾನೂ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಜಾಯಿಂಟ್ ಬಾಯಿ ಬಿಟ್ಟು ಎಣ್ಣೆಯೆಲ್ಲ ನಾವು ನಿಲ್ಲೋ ಫುಟ್‌ಪ್ಲೇಟ್ ಮೇಲೆ.

ಕಾರಣ ಸರಳ. 60/40 ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗೋಕೆ ಶುರು, 14 ಬಾರ್ ಒತ್ತಡದಲ್ಲಿ ಬಾಯ್ಲರ್ ಹಬೆಯೇ ಸುಮಾರು 198 ಡಿಗ್ರಿ ಇರುತ್ತೆ. ಕರಗದಿದ್ರೂ ಬಿಸೀಲಿ ಬೆಸುಗೆ ಬಲ ಕಳ್ಕೊಳ್ಳುತ್ತೆ. ಅವತ್ತಿಂದ ನಾನು ನಂಬಿರೋದು ಇಷ್ಟೇ, ಕ್ಯಾನನ್ನ ಹಿಡಿದಿಡಬೇಕಾದ್ದು ತಗಡಿನ ಅಂಚುಗಳನ್ನ ಮಡಿಸಿ ಸಿಕ್ಕಿಸಿದ ಮಡಿಕೆ, ಬೆಸುಗೆ ಇರೋದು ಸೋರದೇ ಇರ್ಲಿ ಅಂತ ಮಾತ್ರ.

ಈಗ ಮಾಡೋ ಕ್ಯಾನ್ 110 ಮಿ.ಮೀ. ವ್ಯಾಸ, 120 ಎತ್ತರ, ಒಂದು ಲೀಟರಿಗೆ ಸ್ವಲ್ಪ ಮೇಲೆ ಹಿಡಿಯುತ್ತೆ. ಸುತ್ತಳತೆ 346, ಅದಕ್ಕೆ 5 ಮಿ.ಮೀ. ಮಡಿಕೆಗೆ ಅದರ ಮೂರರಷ್ಟು ಅಂದ್ರೆ 15 ಸೇರಿಸಿ 361ಕ್ಕೆ ಕತ್ತರಿಸ್ತೀನಿ. ಎರಡೂ ಅಂಚನ್ನ ಎದುರುಬದುರಾಗಿ ಮಡಿಸಿ ಕೊಕ್ಕೆ ಥರ ಒಂದಕ್ಕೊಂದು ಸಿಕ್ಕಿಸಿ, ಕಬ್ಬಿಣದ ಕಂಬಿ ಮೇಲಿಟ್ಟು ಮರದ ಕೊಡತೀಲಿ ಬಡೀತೀನಿ. ಕತ್ತರಿಸಿದ ಅಂಚಲ್ಲಿ ತವರ ಇರಲ್ಲ, ಬರೀ ಉಕ್ಕು, ತುಕ್ಕು ಹಿಡಿಯೋದು ಅಲ್ಲಿಂದ್ಲೇ, ಮಡಿಸಿದ್ರೆ ಅದೂ ಒಳಗೆ ಮುಚ್ಚಿಹೋಗುತ್ತೆ.

ಬೆಸುಗೇಲಿ ನನಗೆ ತುಂಬಾ ಇಷ್ಟವಾಗೋ ಗಳಿಗೆ ಒಂದಿದೆ. ಬೆಸುಗೆ ಹಿಡಿಯೋಕೆ ಹಚ್ಚೋ ಫ್ಲಕ್ಸ್ ಸವರಿ, ಬೆಸುಗೆ ಕೋಲಿನ ಕಾದ ತಾಮ್ರದ ತುದಿಯನ್ನ ಜಾಯಿಂಟ್ ಮೇಲೆ ಸುಮ್ನೆ ಒತ್ತಿ ಹಿಡಿದ್ರೆ ಮೊದ್ಲು ಏನೂ ಆಗಲ್ಲ, ತಗಡು ಕಾದ ತಕ್ಷಣ ಬೆಸುಗೆ ಕನ್ನಡಿ ಥರ ಹೊಳೆದು ಸರ್ರನೆ ಮಡಿಕೆಯೊಳಗೆ ಇಂಗಿಬಿಡುತ್ತೆ. ಅಲ್ಲೀವರೆಗೆ ಕೈ ಎಳೀಬಾರ್ದು. ಮೇಲೆ ಗುಡ್ಡೆ ಗುಡ್ಡೆಯಾಗಿ ಕೂತ್ರೆ ತಗಡು ಕಾದಿಲ್ಲ ಅಂತ್ಲೇ ಅರ್ಥ.

ಮೂತಿ ಕಷ್ಟದ ಕೆಲಸ. ಫ್ರೇಮುಗಳ ಮಧ್ಯೆ ಕೈ ಹೋಗದ ಜಾಗಕ್ಕೆ ಎಣ್ಣೆ ಮುಟ್ಟಬೇಕು, ಅದಕ್ಕೆ 300 ಮಿ.ಮೀ. ಉದ್ದ, ವ್ಯಾಸ ಬುಡದಲ್ಲಿ 24, ತುದೀಲಿ 6. ಇದನ್ನ ಬಿಡಿಸೋಕೆ ಒಂದೇ ಕೇಂದ್ರದಿಂದ 400 ಮತ್ತು 100 ತ್ರಿಜ್ಯದ ಎರಡು ಕಮಾನು, ದೊಡ್ಡ ಕಮಾನಿನ ಉದ್ದ 75.4, ಪಕ್ಕದಲ್ಲಿ ಜೋಡಣೆಗೆ 4 ಜಾಸ್ತಿ. ಚೂಪಾದ ಕಂಬಿಗೆ ನಿಧಾನಕ್ಕೆ ಸುತ್ತಿ, ಜಾಯಿಂಟ್ ಮೇಲ್ಗಡೆ ಬರೋ ಹಾಗೆ ಕೂರಿಸ್ತೀನಿ, ಎಣ್ಣೆ ಹರಿಯೋದು ಕೆಳಗಲ್ವಾ. ಮೂತಿಗೂ ಡಬ್ಬಿಗೂ ನಡುವೆ ಒಂದು ಆಸರೆ ಪಟ್ಟಿ ಇರ್ಲೇಬೇಕು, ಯಾರಾದ್ರೂ ಮೂತಿ ಹಿಡಿದೇ ಎತ್ತುತ್ತಾರೆ, ಎತ್ತೇ ಎತ್ತುತ್ತಾರೆ.

ಹಿಡಿ ಹತ್ರ ಹೆಬ್ಬೆರಳು ಸಿಗೋ ಕಡೆ 2 ಮಿ.ಮೀ. ತೂತು. ಗಾಳಿ ಒಳಗೆ ಹೋಗದಿದ್ರೆ ಎಣ್ಣೆ ಗುಳುಗುಳು ಅಂತ ಬಿಟ್ಟು ಬಿಟ್ಟು ಬರುತ್ತೆ, ತೂತು ಮೇಲೆ ಬೆರಳಿಟ್ರೆ ಧಾರೆ ಸಣ್ಣಗಾಗಿ ನಿಲ್ಲುತ್ತೆ.

ಕೊನೇಲಿ ಸೋಡಾ ಹಾಕಿದ ಬಿಸಿನೀರಲ್ಲಿ ಎರಡ್ಮೂರು ಸಲ ತೊಳೆದು, ಒಣಗಿಸಿ, ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಕಾಗದದ ಮೇಲೆ ಇಡ್ತೀನಿ. ನೀರು ನಿಲ್ಲೋ ಜಾಗದಲ್ಲೂ ಸೀಮೆಎಣ್ಣೆ ದಾರಿ ಹುಡುಕುತ್ತೆ. ತೊಳೆಯೋದನ್ನ ದಯವಿಟ್ಟು ಬಿಡಬೇಡಿ, ಫ್ಲಕ್ಸ್ ಉಳಿದ್ರೆ ತಗಡನ್ನ ತಿನ್ನುತ್ತೆ, ಬೆಸುಗೆಯ ಒಂದು ಚೂರು ಬೇರಿಂಗಿಗೆ ಹೋದ್ರೆ ಗೀರು ಬೀಳುತ್ತೆ.

ಈಗ ಜೋಡಿ ಕ್ಯಾನ್ ಮಾಡ್ತೀನಿ, ಒಂದು ಬೇರಿಂಗ್ ಎಣ್ಣೆಗೆ, ಇನ್ನೊಂದು ಸಿಲಿಂಡರ್ ಎಣ್ಣೆಗೆ. ಸಿಲಿಂಡರಿನದ್ದರ ಹಿಡಿಗೆ ತಾಮ್ರದ ತಂತಿ ಒತ್ತಾಗಿ ಸುತ್ತಿರ್ತೀನಿ, ಬೆಳಗಿನ ಜಾವ ಕತ್ತಲಲ್ಲಿ ಎಂಜಿನ್ ತಯಾರು ಮಾಡುವಾಗ ಯಾವುದು ಯಾವ್ದು ಅಂತ ಕೈಗೇ ಗೊತ್ತಾಗ್ಲಿ ಅಂತ.